ಉತ್ತರ: ಟೆಲೋಮಿಯರ್ ಉದ್ದವಿದ್ದರೆ ಕ್ಯಾನ್ಸರ್ ಬರುವುದಿಲ್ಲವೇ?

ಟೆಲೋಮಿಯರ್ ಉದ್ದವಿದ್ದಷ್ಟೂ ಕ್ಯಾನ್ಸರ್ ದೂರವೆಂದು ಓದಿ, ಟೆಲೋಮಿಯರನ್ನು ಬೆಳೆಸುತ್ತದೆ ಎನ್ನುವ ಮಾತ್ರೆಯನ್ನು ಕೊಳ್ಳಬಹುದೇ ಎಂದು ತಾವು ಕೇಳಿದ್ದೀರಿ. ಕೊಳ್ಳಬೇಡಿ ಎನ್ನುವುದು ನನ್ನ ಸಲಹೆ.

ವರ್ಣತಂತುವಿನ (ಕ್ರೋಮೋಸೋಮಿನ) ತುದಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ಡಿಎನ್‌ಎ ಸರಣಿ ನೂರಾರು, ಸಾವಿರಾರು ಬಾರಿ ಮರುಕಳಿಸುವ ಭಾಗವೇ ಟೆಲೋಮಿಯರ್. ಪ್ರತಿ ಕೋಶವಿಭಜನೆಯಲ್ಲೂ ಅದು ಸ್ವಲ್ಪ ಸವೆಯುತ್ತದೆ. ಸವೆತ ಮಿತಿ ಮುಟ್ಟಿದಾಗ ಕೋಶವು ವಿಭಜನೆಯನ್ನೇ ನಿಲ್ಲಿಸುತ್ತದೆ. ಇದನ್ನು ನಾವು ಮುಪ್ಪಿನ ಲಕ್ಷಣವೆಂದು ಹಳಿಯುತ್ತೇವೆ, ಆದರೆ ಅಂಕೆ ಮೀರಿ ಬೆಳೆಯತೊಡಗಿದ ಕೋಶಕ್ಕೆ ಕಡಿವಾಣ ಹಾಕುವುದೂ ಇದೇ. ಆ ಕಡಿವಾಣದಿಂದ ತಪ್ಪಿಸಿಕೊಳ್ಳಲೆಂದೇ ಶೇ. 85ರಿಂದ 90ರಷ್ಟು ಕ್ಯಾನ್ಸರ್‌ಗಳು ಟೆಲೋಮಿಯರನ್ನು ಮತ್ತೆ ಕಟ್ಟುವ ಟೆಲೋಮರೇಸ್ ಎಂಬ ಕಿಣ್ವವನ್ನು ಎಚ್ಚರಿಸಿಕೊಳ್ಳುತ್ತವೆ.

ಅತಿ ಗಿಡ್ಡವಾದರೂ ಅಪಾಯವುಂಟು, ನಿಜ. ಪಿ53ರಂಥ ಕಾವಲು ಪ್ರೋಟೀನ್ ಕೆಟ್ಟ ಕೋಶವು ಮಿತಿ ದಾಟಿಯೂ ವಿಭಜಿಸುತ್ತಿದ್ದರೆ, ವರ್ಣತಂತುಗಳ ಬರಿದಾದ ತುದಿಗಳು ಒಂದಕ್ಕೊಂದು ಅಂಟಿ, ಮುರಿದು, ವಂಶವಾಹಿಗಳು ಅಸ್ತವ್ಯಸ್ತವಾಗುತ್ತವೆ. ಟೆಲೋಮಿಯರ್ ಅತಿ ಗಿಡ್ಡವಾಗಿರುವ ಡಿಸ್ಕೆರಟೋಸಿಸ್ ಕಂಜೆನಿಟಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಅಸ್ಥಿಮಜ್ಜೆ ಸೋಲುವುದರ ಜೊತೆಗೆ ರಕ್ತದ ಮತ್ತು ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚಾಗಿ ಕಾಣುತ್ತದೆ.

ಆದರೆ ಸಾಮಾನ್ಯ ಜನರಲ್ಲಿ ಚಿತ್ರ ತಿರುಗುಮುರುಗು. ಹುಟ್ಟಿನಿಂದಲೇ ಉದ್ದ ಟೆಲೋಮಿಯರ್ ಕೊಡುವ ವಂಶವಾಹಿ ಭೇದಗಳನ್ನು ಆಧರಿಸಿದ 2017ರ ದೊಡ್ಡ ವಿಶ್ಲೇಷಣೆಯಲ್ಲಿ ಮೆದುಳಿನ ಗ್ಲಿಯೋಮಾ, ಚರ್ಮದ ಮೆಲನೋಮಾ, ಶ್ವಾಸಕೋಶದ ಅಡಿನೋಕಾರ್ಸಿನೋಮಾ ಮುಂತಾದ ಕ್ಯಾನ್ಸರ್‌ಗಳ ಅಪಾಯ ಹೆಚ್ಚಾಗಿಯೂ, ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಕಡಿಮೆಯಾಗಿಯೂ ಕಂಡಿತು. ಹಳೆಯ ಕೆಲವು ಅಧ್ಯಯನಗಳು ಇದಕ್ಕೆ ವಿರುದ್ಧವಾಗಿ ಹೇಳಿದ್ದಕ್ಕೆ ಒಂದು ಕಾರಣ, ಕ್ಯಾನ್ಸರ್ ಪತ್ತೆಯಾದ ಮೇಲೆ ರಕ್ತ ತೆಗೆದದ್ದು. ಕಾಯಿಲೆಯೂ ಚಿಕಿತ್ಸೆಯೂ ಬಿಳಿ ರಕ್ತಕಣಗಳ ಟೆಲೋಮಿಯರನ್ನು ಗಿಡ್ಡಗೊಳಿಸಬಲ್ಲವು ಎಂಬುದು ಆ ಲೆಕ್ಕದಲ್ಲಿ ಬೆರೆತುಹೋಯಿತು.

ಮನೆಗೆ ತರಿಸಿಕೊಳ್ಳುವ ಪರೀಕ್ಷೆಯ ಬಗ್ಗೆಯೂ ಕೇಳಿದ್ದೀರಿ. ಸಾಮಾನ್ಯವಾಗಿ ಅದು ಅಳೆಯುವುದು ರಕ್ತದ ಅಥವಾ ಜೊಲ್ಲಿನ ಕೋಶಗಳ ಸರಾಸರಿ ಟೆಲೋಮಿಯರ್ ಉದ್ದವನ್ನು. ಒಂದೇ ವಯಸ್ಸಿನ ಆರೋಗ್ಯವಂತರಲ್ಲೂ ಈ ಸಂಖ್ಯೆ ಬಹಳ ಹೆಚ್ಚುಕಡಿಮೆ ಇರುವುದರಿಂದ, ಒಬ್ಬ ವ್ಯಕ್ತಿಗೆ ಕ್ಯಾನ್ಸರ್ ಬರುವುದೋ ಇಲ್ಲವೋ ಎಂದು ಅದರಿಂದ ಹೇಳಲಾಗದು. ಆ ಹಣವನ್ನು ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆಗೆ ಇಟ್ಟುಕೊಳ್ಳಿ. ಕುಟುಂಬದಲ್ಲಿ ಹಲವರಿಗೆ ಮೆಲನೋಮಾ ಬಂದಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲೇ ಅಸ್ಥಿಮಜ್ಜೆಯ ವೈಫಲ್ಯವೋ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ಸೋ ಕಂಡಿದ್ದರೆ ಮಾತ್ರ ವಿಷಯ ಬೇರೆ: ಆಗ ಆನುವಂಶಿಕ ರೋಗಗಳ ತಜ್ಞರನ್ನು ಕಾಣಿರಿ. ಯಾವ ಪರೀಕ್ಷೆ ಬೇಕೆಂಬುದನ್ನು ಅವರೇ ನಿರ್ಧರಿಸಲಿ.