ಹಳೆಯ ಥಿಂಕ್‌ಪ್ಯಾಡ್‌ನ 161 ಮತ್ತು 163: ಪ್ರತಿಕ್ರಿಯೆ
ಸಿಂಧನೂರಿನ ಮನೆಯಲ್ಲಿ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಐಬಿಎಂ ಥಿಂಕ್‌ಪ್ಯಾಡ್ ಟಿ42 ಲ್ಯಾಪ್‌ಟಾಪ್ ಚಾಲೂ ಮಾಡಿದೊಡನೆ 161, 163 ಎಂಬ ಸಂಖ್ಯೆಗಳನ್ನು ತೋರಿಸಿ, ಹತ್ತು ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ, ಮದರ್‌ಬೋರ್ಡ್ ಕೆಟ್ಟಿದೆಯೇ ಎಂದು ತಾವು ಕೇಳಿದ್ದೀರಿ. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಇಲ್ಲಿರುವುದು ಬಹುಶಃ ಎರಡು ಬೇರೆ ಬೇರೆ ತೊಂದರೆಗಳು.

161 ಎಂದರೆ ಒಳಗಿನ ಸಿಮಾಸ್ ಬ್ಯಾಟರಿ (ಯಂತ್ರ ಆರಿದ್ದಾಗಲೂ ದಿನಾಂಕ, ಸಮಯ ಉಳಿಸಿಕೊಳ್ಳುವ ಪುಟ್ಟ ಬ್ಯಾಟರಿ) ಸತ್ತಿದೆ ಎಂದೂ, 163 ಎಂದರೆ ಅದರಿಂದಾಗಿ ದಿನಾಂಕ, ಸಮಯ ಅಳಿಸಿಹೋಗಿವೆ ಎಂದೂ ಅರ್ಥ. ಆ ಬ್ಯಾಟರಿ ಎರಡು ತಂತಿಗಳಿರುವ 3 ವೋಲ್ಟ್‌ನ ಸಿಆರ್2032 ಸೆಲ್ ಆದ್ದರಿಂದ ತಂತಿ ಸಮೇತ ಸಿಗುವುದನ್ನೇ ತರಿಸಿಕೊಳ್ಳಿ. ವಾಚಿನಂಗಡಿಯ ಬಿಡಿ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿಗೆ ಅದು ಸಿಡಿಯಬಹುದು. ಹೊಸದನ್ನು ಹಾಕಿ, ಚಾಲೂ ಆಗುವಾಗ ಎಫ್1 ಒತ್ತಿ ದಿನಾಂಕ ಸರಿಪಡಿಸಿ. ಸೆಲ್ ತೆಗೆದರೆ ಯಂತ್ರದ ಸೆಟ್ಟಿಂಗ್‌ಗಳಿಗೆ ಬೀಗ ಹಾಕುವ ಸೂಪರ್‌ವೈಸರ್ ಪಾಸ್‌ವರ್ಡ್ ಅಳಿಸುತ್ತದೆಂದು ಕೆಲವರು ಹೇಳುವುದುಂಟು. ಥಿಂಕ್‌ಪ್ಯಾಡ್‌ನಲ್ಲಿ ಆ ಪಾಸ್‌ವರ್ಡ್ ಬೇರೊಂದು ಚಿಪ್‌ನಲ್ಲಿರುವುದರಿಂದ ಹಾಗಾಗದು.

ಆರಿಹೋಗುವುದಕ್ಕೆ ಬಿಸಿಯೇ ಕಾರಣವೆಂದು ನನ್ನ ಅನುಮಾನ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಭತ್ತದ ಹೊಟ್ಟಿನ ಧೂಳು ತುಂಬಿದ ನಮ್ಮ ರಾಯಚೂರು ಸೀಮೆಯಲ್ಲಿ ಫ್ಯಾನಿನ ಹಿಂದಿನ ತಾಮ್ರದ ರೆಕ್ಕೆಗಳ ನಡುವೆ ಕಂಬಳಿಯಂತೆ ಕಸ ಕಟ್ಟಿಕೊಳ್ಳುವುದು ಸಾಮಾನ್ಯ. ಚಾರ್ಜರ್ ಮತ್ತು ಮುಖ್ಯ ಬ್ಯಾಟರಿ ಎರಡನ್ನೂ ಕಳಚಿ, ಫ್ಯಾನ್ ತಿರುಗದಂತೆ ಹಿಡಿದು ಬ್ರಶ್ಶಿನಿಂದ ಶುಚಿಗೊಳಿಸಿ, ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟನ್ನು (ಬಿಸಿಯನ್ನು ಹೊರಸಾಗಿಸುವ ಲೇಪವನ್ನು) ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ.

ಆದರೆ ಇದಕ್ಕೆಲ್ಲ ಮೊದಲು ಹಾರ್ಡ್ ಡಿಸ್ಕ್ ಹೊರತೆಗೆದು, ಅದು ಸಾಟಾ ಎಂಬ ಹೊಸ ಜೋಡಣೆಯದಲ್ಲದೆ ಹಳೆಯ ಐಡಿಇ ಜೋಡಣೆಯ ಮಾದರಿಯದಾದ್ದರಿಂದ ಅದಕ್ಕೆ ಹೊಂದುವ ಯುಎಸ್‌ಬಿ ಅಡಾಪ್ಟರ್ ಮೂಲಕ ತಮ್ಮ ಫೋಟೊಗಳನ್ನು ನಕಲು ಮಾಡಿಟ್ಟುಕೊಳ್ಳಿ.