ಭಯೋತ್ಪಾದಕ ದಾಳಿ ಆದಾಗ ಆದೇಶ ಕೊಡುವ ಅಧಿಕಾರಿಗಳಿಗೆ ಎಂಥ ತರಬೇತಿ ಇರುತ್ತದೆ?

ಮಾಲ್‌ನ ಮಾಕ್ ಡ್ರಿಲ್‌ನಲ್ಲಿ ಕಮಾಂಡೋಗಳು ಹಗ್ಗ ಹಿಡಿದು ಇಳಿಯುವುದು ಎಲ್ಲರಿಗೂ ಕಾಣುತ್ತದೆ, ಆದರೆ ಅವರ ಮೇಲಿನ ಅಧಿಕಾರಿಗಳು ಏನು ಕಲಿಯುತ್ತಾರೆ ಅಂತ ಕೇಳಿದ್ದೀರಿ. ನಾನು ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ಇಂಥ ಡ್ರಿಲ್‌ಗಳಲ್ಲಿ ನನ್ನದು ಲಾಗಿಸ್ಟ್ ಕೆಲಸ. ಕಮಾಂಡರ್ ಪಕ್ಕದಲ್ಲಿ ಕೂತು ಅವರು ಯಾವ ಹೊತ್ತಿಗೆ ಏನು ನಿರ್ಧಾರ ಮಾಡಿದರು, ಯಾಕೆ ಮಾಡಿದರು ಅಂತ ಬರೆದುಕೊಳ್ಳುವುದು. ಹಾಗಾಗಿ ಇಲ್ಲಿಯದನ್ನೇ ಹೇಳುತ್ತೇನೆ.

ಇಲ್ಲಿ ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ಮೂರು ಹಂತ. ಗೋಲ್ಡ್ ಗುರಿ ಹೇಳುತ್ತಾರೆ, ಸಿಲ್ವರ್ ಅದಕ್ಕೆ ದಾರಿ ಹುಡುಕುತ್ತಾರೆ, ಬ್ರಾಂಜ್ ಸ್ಥಳದಲ್ಲಿ ನಿಂತು ಮಾಡಿಸುತ್ತಾರೆ. 2005ರ ಲಂಡನ್ ಬಾಂಬ್ ದಾಳಿಯಲ್ಲಿ 52 ಜನ ಸತ್ತ ಮೇಲೆ, ಪೊಲೀಸ್, ಫೈರ್, ಆಂಬುಲೆನ್ಸ್ ಮೂವರೂ ಒಟ್ಟಿಗೆ ಕಲಿಯಬೇಕು ಅನ್ನುವ ಒತ್ತಾಯ ಬಂತು. 2012ರಲ್ಲಿ ಮೂವರಿಗೂ ಒಟ್ಟಿಗೆ ಕೆಲಸ ಮಾಡಲು ಕಲಿಸುವ ಜೆಸಿಪ್ ಅನ್ನುವ ಕಾರ್ಯಕ್ರಮ ಶುರುವಾಯಿತು. ಅದರ ಮೊದಲ ಪಾಠ ತುಂಬಾ ಸರಳ: ಮೂರೂ ಇಲಾಖೆಯ ಕಮಾಂಡರ್‌ಗಳು ಒಂದೇ ಕಡೆ ಬಂದು ನಿಲ್ಲಿ. ಆಮೇಲೆ ಎಲ್ಲರೂ ಒಂದೇ ನಮೂನೆಯಲ್ಲಿ ಸುದ್ದಿ ಕೊಡಿ. ಜಾಗ ಎಲ್ಲಿ, ಏನಾಗಿದೆ, ಅಪಾಯ ಏನು, ಒಳಗೆ ಹೋಗುವ ದಾರಿ ಯಾವುದು, ಗಾಯಾಳುಗಳು ಎಷ್ಟು, ಯಾರು ಬೇಕು.

ಟೇಬಲ್‌ಟಾಪ್ ಅಭ್ಯಾಸದಲ್ಲಿ ಇದನ್ನೇ ಮೇಜಿನ ಸುತ್ತ ಕೂತು ಮಾಡುತ್ತಾರೆ. ಮಧ್ಯೆ ಮಧ್ಯೆ ಚೀಟಿ ಬರುತ್ತದೆ. 'ಎರಡನೇ ಸ್ಫೋಟ ಅಂತ ಫೋನ್ ಬಂದಿದೆ, ಖಚಿತವಿಲ್ಲ.' ಅರ್ಧಂಬರ್ಧ ಮಾಹಿತಿ ಇಟ್ಟುಕೊಂಡು ಆಗಲೇ ತೀರ್ಮಾನ ಹೇಳಬೇಕು. ಕಾಫಿ, ಬಿಸ್ಕೆಟ್ ಇರುತ್ತೆ, ಎಲ್ಲರೂ ಎದುರಿಗೇ ಇರುತ್ತಾರೆ, ಹಾಗಾಗಿ ಸಾಮಾನ್ಯವಾಗಿ ಚೆನ್ನಾಗೇ ನಡೆಯುತ್ತದೆ. ನನ್ನ ತಕರಾರು ಇರುವುದೂ ಅಲ್ಲೇ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾ ಅನ್ನುವ ದೊಡ್ಡ ಸಭಾಂಗಣದಲ್ಲಿ ಆದದ್ದು ನೋಡಿ. 2017ರ ಮೇ 22, ರಾತ್ರಿ 10:31ಕ್ಕೆ ಬಾಂಬ್ ಸಿಡಿಯಿತು. 22 ಜನ ಸತ್ತರು. ಆ ಹೊತ್ತಿಗೆ ಇಡೀ ನಗರದ ಪೊಲೀಸ್ ಕಾರ್ಯಾಚರಣೆ ಇದ್ದದ್ದು ಕಂಟ್ರೋಲ್ ರೂಮ್‌ನಲ್ಲಿ ಡ್ಯೂಟಿಯಲ್ಲಿದ್ದ ಒಬ್ಬ ಇನ್ಸ್‌ಪೆಕ್ಟರ್ ಕೈಯಲ್ಲಿ. ಬಂದೂಕುಧಾರಿಗಳು ಓಡಾಡುತ್ತಿರಬಹುದು ಅಂತ ಅವರು 10:47ಕ್ಕೆ 'ಆಪರೇಷನ್ ಪ್ಲೇಟೊ' ಘೋಷಿಸಿದರು. ಓಡಾಡುತ್ತಾ ದಾಳಿ ಮಾಡುವ ಭಯೋತ್ಪಾದಕರನ್ನು ಎದುರಿಸುವ ಯೋಜನೆಗೆ ಪೊಲೀಸರು ಇಟ್ಟ ಗುಪ್ತ ಹೆಸರು ಅದು. ಆದರೆ ಫೈರ್‌ನವರಿಗೂ ಆಂಬುಲೆನ್ಸ್‌ನವರಿಗೂ ಘೋಷಣೆಯ ವಿಷಯ ತಿಳಿಸಲಿಲ್ಲ. ಆ ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿದವರಿಗೆ ಲೈನ್ ಸಿಗಲಿಲ್ಲ. ಮೂರು ಇಲಾಖೆಯವರು ಮೂರು ಕಡೆ ಸೇರಿದರು. ಫೈರ್ ಎಂಜಿನ್‌ಗಳು ಅರೀನಾ ತಲುಪಿದ್ದು ನಡುರಾತ್ರಿ 12:37ಕ್ಕೆ, ಅಂದರೆ ಎರಡು ಗಂಟೆ ಕಳೆದ ಮೇಲೆ. ಸ್ಫೋಟ ಆದ ಹಾಲ್ ಒಳಗೆ ಗಾಯಾಳುಗಳ ಹತ್ತಿರ ಹೋದ ಪ್ಯಾರಾಮೆಡಿಕ್‌ಗಳು ಬರೀ ಮೂವರು.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಸುಮಾರು ಒಂದು ವರ್ಷ ಮುಂಚೆ, 2016ರ ಮೇನಲ್ಲಿ, ಅದೇ ಊರಿನ ಟ್ರಾಫರ್ಡ್ ಸೆಂಟರ್ ಮಾಲ್‌ನಲ್ಲಿ 'ವಿಂಚೆಸ್ಟರ್ ಅಕಾರ್ಡ್' ಅಂತ ದೊಡ್ಡ ಡ್ರಿಲ್ ಆಗಿತ್ತು. ಪೊಲೀಸರಿಂದ ಫೈರ್‌ನವರಿಗೆ ಸುದ್ದಿ ಸರಿಯಾಗಿ ಹೋಗುತ್ತಿಲ್ಲ ಅನ್ನುವುದು ಅಲ್ಲೇ ಗೊತ್ತಾಗಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಮಾತ್ರ ನಕಲಿ ದಾಳಿಕೋರ ಕೂಗಿದ ಧಾರ್ಮಿಕ ಘೋಷಣೆ. ಪೊಲೀಸರು ಅದಕ್ಕೆ ಕ್ಷಮೆಯನ್ನೂ ಕೇಳಿದರು. ಸುದ್ದಿ ಹೋಗದ ಸಮಸ್ಯೆ ಹಾಗೇ ಉಳಿಯಿತು. ನ್ಯಾಯಮೂರ್ತಿ ಸರ್ ಜಾನ್ ಸಾಂಡರ್ಸ್ ನಡೆಸಿದ ವಿಚಾರಣೆಯ 2022ರ ವರದಿಯಲ್ಲಿ ಇದೆಲ್ಲ ಬಿಡಿಬಿಡಿಯಾಗಿ ಇದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೊದಲ ಒಂದು ಗಂಟೆಯ ಕಮಾಂಡರ್ ದೊಡ್ಡ ಸಾಹೇಬರಲ್ಲ. ಅವರು ಇನ್ನೂ ಮನೆಯಿಂದ ಹೊರಟಿರುವುದಿಲ್ಲ. ನೈಟ್ ಶಿಫ್ಟ್‌ನಲ್ಲಿರುವ ಇನ್ಸ್‌ಪೆಕ್ಟರೇ ಕಮಾಂಡರ್. ಡ್ರಿಲ್ ಅವರಿಗೆ ಮಾಡಿಸಬೇಕು, ಅದೂ ಮುಂಚೆ ಹೇಳದೆ, ಅವರ ಫೋನ್ ಒಂದೇ ಸಮ ಹೊಡೆದುಕೊಳ್ಳುವ ಹಾಗೆ. ಯಾವ ಕೆಲಸವನ್ನು ಪಕ್ಕದವರಿಗೆ ದಾಟಿಸಬೇಕು, ಯಾರಿಗೆ ಮೊದಲು ತಿಳಿಸಬೇಕು ಅನ್ನುವುದು ಕೈಗೆ ರೂಢಿಯಾಗಬೇಕು. ಆಗ ಪಕ್ಕದಲ್ಲಿ ಲಾಗಿಸ್ಟ್ ಇದ್ದರೆ 'ಸರ್, ಫೈರ್‌ನವರಿಗೆ ಹೇಳಿದ್ದು ಬರೆದಿಲ್ಲ' ಅಂತ ನೆನಪಿಸಲೂಬಹುದು!

ನಮ್ಮ ಭಾರತದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ಯಾವ ಹುದ್ದೆಯವರಿಗೆ ಯಾವ ಹೊಣೆ ಅಂತ ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯದು. ಆದರೆ ನಮ್ಮ ಅಧಿಕಾರಿಗಳಿಗೆ ವರ್ಗಾವಣೆ ಜಾಸ್ತಿ, ಅಲ್ವಾ? ಕಲಿತವರು ಇನ್ನೊಂದು ಊರಿಗೆ ಹೋಗಿರುತ್ತಾರೆ. ಹೊಸಬರು ಚಾರ್ಜ್ ತೆಗೆದುಕೊಂಡ ವಾರದಲ್ಲೇ ಒಂದು ಟೇಬಲ್‌ಟಾಪ್ ಮಾಡಿಸುವುದು ಕಡ್ಡಾಯವಾಗಲಿ. ಅದಕ್ಕೆ ಬೇಕಾಗುವುದು ಒಂದು ಮೇಜು, ಒಂದು ಮಧ್ಯಾಹ್ನ.