ಜಾಗತೀಕರಣದ ಕಾಲದಲ್ಲಿ ಆರ್ಕಿಟೆಕ್ಚರ್ ಓದು ಮತ್ತು ವೃತ್ತಿ: ಮುಂಬಯಿಯಿಂದ ಒಂದು ಉತ್ತರ

ಧಾರವಾಡದಿಂದ ನೀವು ಕೇಳಿರುವುದು ಇಷ್ಟು: ಪಿಯುಸಿ ಮುಗಿಸಿದ ಮಗಳನ್ನು ಮುಂಬಯಿಯಲ್ಲೋ ಪುಣೆಯಲ್ಲೋ ಬಿ.ಆರ್ಕ್. ಓದಿಸಬೇಕೆಂದಿದ್ದೀರಿ, ಆದರೆ ಜಾಗತೀಕರಣದಿಂದಾಗಿ ದೊಡ್ಡ ಕಟ್ಟಡಗಳೆಲ್ಲ ವಿದೇಶಿ ಸಂಸ್ಥೆಗಳ ಪಾಲಾಗಿ, ನಮ್ಮವರಿಗೆ ಕಂಪ್ಯೂಟರಿನ ಮುಂದೆ ಕುಳಿತು ನಕ್ಷೆ ಎಳೆಯುವ ಕೆಲಸವಷ್ಟೇ ಉಳಿಯುತ್ತದೆ ಎಂದು ಯಾರೋ ಹೇಳಿದ್ದಾರೆ, ಅದು ನಿಜವೇ? ಮುಂಬಯಿಯಲ್ಲಿ ಸಣ್ಣ ಕಚೇರಿಯೊಂದನ್ನು ನಡೆಸುತ್ತ, ಕಾಲೇಜೊಂದರಲ್ಲಿ ಸಂದರ್ಶಕ ಅಧ್ಯಾಪಕನಾಗಿಯೂ ಇರುವ ನನಗೆ ಈ ಪ್ರಶ್ನೆ ಹೊಸದಲ್ಲ. ಹೇಳಿದವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ನನ್ನನ್ನು ಕಾಡುವುದು ವಿದೇಶಿಯರ ಬರವಲ್ಲ. ಕಟ್ಟಡವನ್ನು ಕಲ್ಪಿಸುವವರು ಒಬ್ಬರು, ಅದಕ್ಕೆ ಹೊಣೆಯಾಗುವವರು ಇನ್ನೊಬ್ಬರು ಎಂಬಂತಾಗಿರುವ ಈಗಿನ ಸ್ಥಿತಿ.

ಹೊರಗಿನಿಂದ ಬಂದದ್ದನ್ನು ಬದಿಗಿಟ್ಟರೆ ಮುಂಬಯಿಯ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆಯುವುದಕ್ಕೇ ಆಗುವುದಿಲ್ಲ. 1888ರ ವಿಕ್ಟೋರಿಯಾ ಟರ್ಮಿನಸ್ಸನ್ನು ರೂಪಿಸಿದ ಎಫ್. ಡಬ್ಲ್ಯು. ಸ್ಟೀವನ್ಸ್ ಇಂಗ್ಲೆಂಡಿನವರು, ಗೇಟ್‌ವೇ ಆಫ್ ಇಂಡಿಯಾದ ಜಾರ್ಜ್ ವಿಟೆಟ್ ಕೂಡ ಬ್ರಿಟನ್ನಿನಿಂದ ಬಂದವರೇ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಓವಲ್ ಮೈದಾನ ಮತ್ತು ಮರೀನ್ ಡ್ರೈವ್‌ನ ಆರ್ಟ್ ಡೆಕೋ ಕಟ್ಟಡಗಳ ಶೈಲಿ ಪಶ್ಚಿಮದ್ದಾದರೂ, 1930ರ ದಶಕದಲ್ಲಿ ಅವುಗಳನ್ನು ಕಟ್ಟಿದವರಲ್ಲಿ ಬಹುಪಾಲು ಭಾರತೀಯ ಆರ್ಕಿಟೆಕ್ಟರು. ಆ ಬೀದಿಗಳಲ್ಲಿ ನಡೆಯುವಾಗ ತಲೆಯೆತ್ತಿ ನೋಡಿದರೆ ಕಿಟಕಿಗಳ ಮೇಲೆ ಮೂಲೆಯನ್ನೂ ಸುತ್ತಿ ಸಾಗುವ ಕಾಂಕ್ರೀಟಿನ ಸಜ್ಜಾಗಳು ಕಾಣುತ್ತವೆ. ಅವು ಅಲಂಕಾರವೂ ಹೌದು, ಮಳೆಬಿಸಿಲಿಗೆ ಕೊಟ್ಟ ಉತ್ತರವೂ ಹೌದು. ನಮ್ಮ ಕರಾವಳಿಯವರು ತಮ್ಮದೇ ಎಂದು ಅಭಿಮಾನಪಡುವ ಮಂಗಳೂರು ಹಂಚು ಸಹ 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಹರಡಿದ್ದು. ತಂತ್ರ ಯೂರೋಪಿನದು, ಜೇಡಿಮಣ್ಣು ಇಲ್ಲಿಯದು. ಗೋವಾದ ಮನೆಗಳ ಮೇಲೂ ಮುಂಬಯಿಯ ಹಳೆಯ ಚಾಳುಗಳ ಮೇಲೂ ಇಂದಿಗೂ ಆ ಹಂಚಿದೆ. ತಂದವರು ಇಲ್ಲೇ ನೆಲೆಸಿ, ಇಲ್ಲಿಯ ಮಳೆಗಾಲಗಳನ್ನು ಕಂಡು, ತಮ್ಮ ಕೆಲಸ ಸೋರಿದರೆ ತಾವೇ ತಿದ್ದುತ್ತಿದ್ದರು ಎಂಬುದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ.

ಓದಿನಲ್ಲೂ ಇದೇ ಕಥೆ. ಇಲ್ಲಿಯ ಜೆ.ಜೆ. ಕಲಾಶಾಲೆಯ ವಾಸ್ತುಶಿಲ್ಪ ವಿಭಾಗವನ್ನು ನಡೆಸುತ್ತಿದ್ದ ಕ್ಲಾಡ್ ಬ್ಯಾಟ್ಲಿ ಆಂಗ್ಲರಾಗಿದ್ದರೂ ತಮ್ಮ ವಿದ್ಯಾರ್ಥಿಗಳನ್ನು ಹಳೆಯ ಭಾರತೀಯ ಕಟ್ಟಡಗಳ ಬಳಿಗೆ ಕಳುಹಿಸಿ, ಟೇಪು ಹಿಡಿದು ಅಳೆಯಿಸಿ, ನಕ್ಷೆ ಬರೆಯಿಸುತ್ತಿದ್ದರು.

1991ರ ಆರ್ಥಿಕ ಉದಾರೀಕರಣದ ನಂತರ ಬದಲಾದದ್ದು ಕೆಲಸದ ಹಂಚಿಕೆ. ಇಂದು ಮುಂಬಯಿಯ ದೊಡ್ಡ ಯೋಜನೆಗಳಲ್ಲಿ ಮೂಲ ವಿನ್ಯಾಸ ನ್ಯೂಯಾರ್ಕಿನಿಂದಲೋ ಸಿಂಗಪುರದಿಂದಲೋ ಬರುತ್ತದೆ, ಕಟ್ಟುವವರಿಗೆ ಬೇಕಾದ ವಿವರವಾದ ನಕ್ಷೆಗಳನ್ನು, ಅಂದರೆ ವರ್ಕಿಂಗ್ ಡ್ರಾಯಿಂಗುಗಳನ್ನು, ಇಲ್ಲಿಯ ಕಚೇರಿಯೊಂದು ಮಾಡುತ್ತದೆ, ಮಹಾನಗರಪಾಲಿಕೆಯ ಮಂಜೂರಾತಿಗಳಿಗೆ ಓಡಾಡುವ ಲೈಸನ್ ಆರ್ಕಿಟೆಕ್ಟ್ ಮತ್ತೊಬ್ಬರಿರುತ್ತಾರೆ. ನಿರ್ದಿಷ್ಟ ಯೋಜನೆಯೊಂದಕ್ಕೆ ಕೇಂದ್ರ ಸರಕಾರದ ಪೂರ್ವಾನುಮತಿ ಪಡೆದು ವಿದೇಶಿ ಆರ್ಕಿಟೆಕ್ಟ್ ಇಲ್ಲಿ ಕೆಲಸ ಮಾಡಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ 37ನೇ ಕಲಮೇ ಅವಕಾಶ ಕೊಡುತ್ತದೆ. ಇದರ ಫಲವೆಲ್ಲ ಕೆಟ್ಟದ್ದೆಂದು ಹೇಳಲಾರೆ. 2014ರಲ್ಲಿ ತೆರೆದ ನಮ್ಮ ವಿಮಾನನಿಲ್ದಾಣದ ಎರಡನೇ ಟರ್ಮಿನಲ್ ಅಮೆರಿಕದ ಎಸ್‌ಒಎಂ ಸಂಸ್ಥೆಯ ವಿನ್ಯಾಸ, ಅದರ ಮಾಡಿನ ಕೆಳಗೆ ನಿಂತಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಪ್ರವಾಹ ಎದುರು ದಿಕ್ಕಿಗೂ ಇದೆ. ಮುಂಬಯಿ, ಪುಣೆಗಳ ಎಷ್ಟೋ ಕಚೇರಿಗಳಲ್ಲಿ ತರುಣ ಆರ್ಕಿಟೆಕ್ಟರು ಅಮೆರಿಕ, ಬ್ರಿಟನ್ನುಗಳ ಆಸ್ಪತ್ರೆ, ಶಾಲೆಗಳಿಗೆ ರೆವಿಟ್ ತಂತ್ರಾಂಶದಲ್ಲಿ ಬಿಐಎಂ ಮಾದರಿಗಳನ್ನು, ಅಂದರೆ ಕಟ್ಟಡದ ಎಲ್ಲ ಭಾಗಗಳ ವಿವರವಿರುವ ಮೂರು ಆಯಾಮದ ಕಂಪ್ಯೂಟರ್ ಮಾದರಿಗಳನ್ನು, ತಯಾರಿಸುತ್ತಾರೆ. ನಿಮಗೆ ಹೇಳಿದವರು ಸೂಚಿಸಿದ್ದು ಈ ಕೆಲಸವನ್ನೇ ಇರಬೇಕು. ತೊಲೆಗೂ ಎಸಿ ಡಕ್ಟಿಗೂ ಎಲ್ಲಿ ಡಿಕ್ಕಿಯಾಗುತ್ತದೆಂದು ಕಟ್ಟುವ ಮೊದಲೇ ಕಂಡುಹಿಡಿಯುವ ಶಿಸ್ತನ್ನು ನಮ್ಮ ಕಚೇರಿಗಳು ಕಲಿತದ್ದು ಬಹುಮಟ್ಟಿಗೆ ಇಂಥ ಕೆಲಸದಿಂದ, ಆದ್ದರಿಂದ ಅದನ್ನು ಕೀಳಾಗಿ ಕಾಣಬೇಡಿ. ಆದರೆ ಅಲ್ಲೇ ವರ್ಷಗಟ್ಟಲೆ ಉಳಿದವರು ತಾವು ಬರೆದ ಗೋಡೆಯನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಸೈಟಿನಲ್ಲಿ ಮೇಸ್ತ್ರಿ ಬಂದು, “ಸಾಹೇಬರೇ, ಇದು ಹೀಗೆ ಕೂರುವುದಿಲ್ಲ” ಎಂದು ಹೇಳುವ ಆ ಕ್ಷಣ ಅವರ ಪಾಲಿಗೆ ಬರುವುದೇ ಇಲ್ಲ, ಮತ್ತು ಈ ವೃತ್ತಿಯ ಅರ್ಧ ವಿದ್ಯೆ ಅಂಥ ಕ್ಷಣಗಳಲ್ಲಿಯೇ ಸಿಗುತ್ತದೆ.

ಕಾಲೇಜಿನಲ್ಲಿ ಇದರ ಛಾಯೆ ಹೇಗೆ ಬೀಳುತ್ತದೆಂಬುದಕ್ಕೆ ಒಂದು ಜ್ಯೂರಿಯ, ಅಂದರೆ ವಿದ್ಯಾರ್ಥಿಗಳ ವಿನ್ಯಾಸಗಳನ್ನು ಅಧ್ಯಾಪಕರು ಪರಿಶೀಲಿಸುವ ಸಭೆಯ, ಸಂಗತಿ ಹೇಳುತ್ತೇನೆ. ಮೂರನೇ ವರ್ಷದ ವಿದ್ಯಾರ್ಥಿಯೊಬ್ಬ ಪನವೇಲಿನ ಹತ್ತಿರದ ಜಾಗಕ್ಕೆ ಗ್ರಂಥಾಲಯವೊಂದನ್ನು ರೂಪಿಸಿದ್ದ. ಕಂಪ್ಯೂಟರಿನಲ್ಲಿ ರೆಂಡರ್ ಮಾಡಿದ, ಫೋಟೋದಂತೆ ಕಾಣುವ ಚಿತ್ರ ಬಹಳ ಸುಂದರವಾಗಿತ್ತು; ಪಶ್ಚಿಮಕ್ಕೆ ನೆಲದಿಂದ ಮಾಡಿನವರೆಗೆ ಗಾಜು, ಮೇಲೆ ಸಜ್ಜಾ ಇಲ್ಲ, ಆಕಾಶ ಡೆನ್ಮಾರ್ಕಿನದೋ ನಾರ್ವೆಯದೋ ಎಂಬಷ್ಟು ತಿಳಿ. ನೈಋತ್ಯ ಮಾರುತ ವರ್ಷಕ್ಕೆ 2,000 ಮಿ.ಮೀ.ಗೂ ಮೀರಿ ಮಳೆ ಸುರಿಸುವ ಈ ಕೊಂಕಣದಲ್ಲಿ ಪಶ್ಚಿಮವೆಂದರೆ ಬಿರುಮಳೆಯ ದಿಕ್ಕು, ಮಧ್ಯಾಹ್ನದ ಉರಿಬಿಸಿಲಿನ ದಿಕ್ಕು. ಕಿಟಕಿಯ ಮೂಲಕ ಹಾದುಹೋಗುವ ಒಂದು ಸೆಕ್ಷನ್ನನ್ನು, ಅಂದರೆ ಗೋಡೆಯನ್ನು ಸೀಳಿ ನೋಡಿದಂತಿರುವ ನಕ್ಷೆಯನ್ನು, ದೊಡ್ಡ ಅಳತೆಯಲ್ಲಿ ಬರೆಯಲು ಹೇಳಿದೆ. ಸಜ್ಜಾದ ಅಡಿಭಾಗದಲ್ಲಿ, ಹೊರ ಅಂಚಿಗೆ ಸ್ವಲ್ಪ ಒಳಗೆ, ಬೆರಳಗಲದ ಒಂದು ಗೀರು ಬಿಡುತ್ತೇವೆ. ಅಂಚಿನಿಂದ ಇಳಿದ ನೀರು ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯತ್ತ ಹರಿಯುವಾಗ ಆ ಗೀರಿನಲ್ಲಿ ಹಿಡಿತ ತಪ್ಪಿ ತೊಟ್ಟಿಕ್ಕಿ ಬೀಳುತ್ತದೆ, ಗೋಡೆ ಒಣಗಿರುತ್ತದೆ. ಕಿಟಕಿಯ ಕೆಳಗಿನ ಕಲ್ಲಿಗೆ ಹೊರಮುಖವಾಗಿ ಇಳಿಜಾರು ಕೊಡುವುದೂ ಇದೇ ಕಾರಣಕ್ಕೆ. ಆ ಹುಡುಗ ಬುದ್ಧಿವಂತ, ಹತ್ತಾರು ದೇಶಗಳ ಕಟ್ಟಡಗಳ ಹೆಸರು ಬಲ್ಲವನು, ಆದರೆ ಆ ಗೀರನ್ನು ಎಂದೂ ನೋಡಿರಲಿಲ್ಲ. ತಪ್ಪು ಅವನದಲ್ಲ. ಅಂತರಜಾಲದ ಚಿತ್ರಗಳಲ್ಲಿ ಸೆಕ್ಷನ್ ಇರುವುದಿಲ್ಲ, ಐದು ಮಳೆಗಾಲ ಕಳೆದ ಮೇಲಿನ ಗೋಡೆಯೂ ಇರುವುದಿಲ್ಲ. ಅವನ್ನು ತೋರಿಸಬೇಕಾದವರು ನಾವು ಅಧ್ಯಾಪಕರು.

ಹಾಗೆಂದು ವಿದೇಶದ ಓದೇ ಬೇಡವೆನ್ನುವವನು ನಾನಲ್ಲ. ಮುಂಬಯಿಯ ಹೆಸರಾಂತ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅಮೆರಿಕದ ಮಿಶಿಗನ್ ಮತ್ತು ಎಂಐಟಿಯಲ್ಲಿ ಕಲಿತವರು. ಸಮುದ್ರದ ಗಾಳಿಯೂ ನೋಟವೂ ಬೇಕೆಂದರೆ ಮುಂಬಯಿಯ ಮನೆ ಪಶ್ಚಿಮಕ್ಕೆ ತೆರೆದುಕೊಳ್ಳಬೇಕು, ಆದರೆ ಬಿಸಿಲು ಮಳೆಗಳೂ ಅಲ್ಲಿಂದಲೇ ಬರುತ್ತವೆ. ಹಳೆಯ ಬಂಗಲೆಗಳು ಇದಕ್ಕೆ ಸುತ್ತಲೂ ವರಾಂಡ ಕಟ್ಟಿ ಪರಿಹಾರ ಕಂಡಿದ್ದವು. 1983ರಲ್ಲಿ ಮುಗಿದ ಕಾಂಚನಜುಂಗಾ ಗೋಪುರದ 28 ಮಹಡಿಗಳಲ್ಲಿ ಕೊರಿಯಾ ಅದೇ ವರಾಂಡವನ್ನು ಎರಡು ಅಂತಸ್ತಿನ ಎತ್ತರದ ಕೈತೋಟಗಳನ್ನಾಗಿ ಮೂಲೆಗಳಲ್ಲಿ ಕೊರೆದಿಟ್ಟರು. ಪ್ಯಾರಿಸ್ಸಿನಲ್ಲಿ ಖ್ಯಾತ ಆರ್ಕಿಟೆಕ್ಟ್ ಲ ಕಾರ್ಬೂಸಿಯೆ ಬಳಿ ಪಳಗಿದ ಬಿ. ವಿ. ದೋಶಿ 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪದ ಶಾಲೆ ಕಟ್ಟಿದರು, 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ಬರ್ಮಿಂಗ್‌ಹ್ಯಾಮಿನ ಆರ್ಕಿಟೆಕ್ಟ್ ಲಾರಿ ಬೇಕರ್ ಕೇರಳದವರೇ ಆಗಿಹೋದರು. ಅವರೊಡನೆ ಕೆಲಸ ಮಾಡಿದ ಗೋವಾದ ಜೆರಾರ್ಡ್ ಡ ಕುನ್ಹಾ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಒಂದು ಟೌನ್‌ಶಿಪ್ಪನ್ನೇ ಕಟ್ಟಿದ್ದಾರೆ. ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಕಾನೂನಿನ ವಿಷಯ. ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಸ್ಥಾಪನೆಯಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿಯಾಗದೆ ಯಾರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಆದರೆ ಕಾಯ್ದೆ ಆ ಬಿರುದನ್ನು ಕಾಯುತ್ತದೆಯೇ ಹೊರತು ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದ್ದರಿಂದ ಪದವಿಯೊಂದರ ಬಲದಿಂದಲೇ ಕೆಲಸ ಹುಡುಕಿಕೊಂಡು ಬರುವುದಿಲ್ಲ. ಬಿ.ಆರ್ಕ್.ಗೇ ವಿದೇಶಕ್ಕೆ ಕಳುಹಿಸುವುದಾದರೆ ಆ ಪದವಿಗೆ ಇಲ್ಲಿ ಮಾನ್ಯತೆಯಿದೆಯೇ ಎಂದು ಮೊದಲೇ ಕೌನ್ಸಿಲ್ಲಿನಲ್ಲಿ ವಿಚಾರಿಸಿ.

ನನ್ನ ಸಲಹೆ ಇದು: ಐದು ವರ್ಷ ಇಲ್ಲೇ ಓದಲಿ, ಸೈಟಿಗೆ ಕಳುಹಿಸುವ ಕಚೇರಿಯಲ್ಲಿ ಎರಡು ಮಳೆಗಾಲ ದುಡಿಯಲಿ, ಆಮೇಲೆ ಬೇಕೆನಿಸಿದರೆ ಸ್ನಾತಕೋತ್ತರಕ್ಕೆ ಹೊರಗೆ ಹೋಗಲಿ. ಕಾಲೇಜು ನೋಡಲು ಬಂದಾಗ ಗೋಡೆಗೆ ತೂಗುಹಾಕಿದ ಬಣ್ಣದ ಚಿತ್ರಗಳಿಗೆ ಮಾರುಹೋಗದೆ ಮೂರನೇ ಮತ್ತು ನಾಲ್ಕನೇ ವರ್ಷದವರ ವರ್ಕಿಂಗ್ ಡ್ರಾಯಿಂಗ್ ಹಾಳೆಗಳನ್ನು ತೋರಿಸಲು ಕೇಳಿ, ವರ್ಷಕ್ಕೆ ಎಷ್ಟು ಸಲ ಸೈಟಿಗೆ ಕರೆದೊಯ್ಯುತ್ತಾರೆಂದು ಅಧ್ಯಾಪಕರನ್ನಲ್ಲ, ವಿದ್ಯಾರ್ಥಿಗಳನ್ನೇ ವಿಚಾರಿಸಿ.